ಇಂದ್ರಿಯಗಳಿಗೆ ಮುಸುಕು ಹಾಕಿದಾಗ

ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕಣ್ಣಾಮುಚ್ಚಾಲೆಯಾಡದ ಮಕ್ಕಳು ನಮ್ಮ ನಾಡಿನಲ್ಲಿ ಇಲ್ಲವೆಂದೇ ಹೇಳಬಹುದು. ಬಟ್ಟೆಯನ್ನು ಬಿಗಿದ ಮರುಕ್ಷಣದಲ್ಲಿಯೇ ಚಿರಪರಿಚಿತವಾದ ಅಂಗಳವು ಅಪರಿಚಿತವಾಗುತ್ತದೆ, ಕಿವಿ ಚುರುಕಾಗುತ್ತದೆ, ಕೈಗಳು ತಾವಾಗಿಯೇ ಮುಂದಕ್ಕೆ ಚಾಚಿಕೊಳ್ಳುತ್ತವೆ. ಆಟ ಸಾಕೆನಿಸಿದೊಡನೆ ಮಗುವು ಬಟ್ಟೆಯನ್ನು ಕಿತ್ತೊಗೆದು ನಗುತ್ತದೆ. ಆ ಬಟ್ಟೆಯನ್ನು ತೆಗೆಯುವ ಸ್ವಾತಂತ್ರ್ಯವು ಮಗುವಿಗೆ ಇಲ್ಲವೆಂದು ಈಗ ಊಹಿಸಿಕೊಳ್ಳೋಣ. ಬಟ್ಟೆ ಅದೇ, ಕತ್ತಲೆಯೂ ಅದೇ. ಆದರೆ ಆಟವು ಆಟವಾಗಿ ಉಳಿಯುವುದಿಲ್ಲ.

ಕಣ್ಣು, ಕಿವಿ, ಚರ್ಮ ಮೊದಲಾದ ಜ್ಞಾನೇಂದ್ರಿಯಗಳಿಗೆ ಹೊರಗಿನಿಂದ ಬರುವ ಪ್ರಚೋದನೆಗಳನ್ನು ಬೇಕೆಂದೇ ಕಡಿಮೆ ಮಾಡುವುದನ್ನು ಸಂವೇದನ ನಿರೋಧ ಎಂದು ಕರೆಯಬಹುದು. ಕಣ್ಪಟ್ಟಿ, ಇಯರ್‌ಪ್ಲಗ್, ತಲೆಯನ್ನೆಲ್ಲ ಆವರಿಸುವ ಮುಸುಕು, ಉಪ್ಪುನೀರಿನ ತೊಟ್ಟಿ ಇವೆಲ್ಲವೂ ಅದರ ಸಾಧನಗಳು. ಕೆಲವರು ಇವುಗಳನ್ನು ವಿಶ್ರಾಂತಿಗಾಗಿ ಬಳಸುತ್ತಾರೆ, ಕೆಲವರು ಕುತೂಹಲಕ್ಕಾಗಿ; ಕೈದಿಗಳನ್ನು ಪೀಡಿಸುವುದಕ್ಕೂ ಇವುಗಳನ್ನು ಬಳಸಿದ್ದುಂಟು. ಒಂದೇ ಸಾಧನವು ಒಮ್ಮೆ ಹಿತವನ್ನೂ ಇನ್ನೊಮ್ಮೆ ಹಿಂಸೆಯನ್ನೂ ಉಂಟುಮಾಡುವುದು ಹೇಗೆ? ಇದಕ್ಕೆ ಉತ್ತರವನ್ನು ಹುಡುಕಲು ನಾವು ಭೌತವಿಜ್ಞಾನದಿಂದ ಹೊರಟು, ಶರೀರವಿಜ್ಞಾನ ಮತ್ತು ಮನೋವಿಜ್ಞಾನಗಳ ಹೊಸ್ತಿಲನ್ನೂ ದಾಟಬೇಕಾಗುತ್ತದೆ.

ಸಂಪೂರ್ಣ ಕತ್ತಲೆ ಎಂಬುದಿಲ್ಲ

ಬೆಳಕಿನ ಒಂದು ಕಿರಣವೂ ನುಸುಳದ ಕೋಣೆಯಲ್ಲಿ ಅರ್ಧ ಗಂಟೆ ಕುಳಿತರೆ ನಮಗೆ ಏನು ಕಾಣುತ್ತದೆ? ‘ಅಚ್ಚಕಪ್ಪು’ ಎಂದು ಹೇಳಲು ಮನಸ್ಸಾಗುವುದು ಸಹಜ. ಆದರೆ ಗಮನವಿಟ್ಟು ನೋಡಿದವರಿಗೆ ಕಾಣುವುದು ಮಸುಕಾದ ಬೂದು ಬಣ್ಣ. ಅದರ ನಡುವೆ ಅಲ್ಲಲ್ಲಿ ಮಿನುಗುವ ಚುಕ್ಕೆಗಳು, ಅಲೆದಾಡುವ ಮೋಡದಂತಹ ಆಕಾರಗಳು.

ಇದಕ್ಕೆ ಕಾರಣವು ಕಣ್ಣಿನೊಳಗೇ ಇದೆ. ಅಕ್ಷಿಪಟಲದಲ್ಲಿ ಮಂದ ಬೆಳಕನ್ನು ಗ್ರಹಿಸುವ ಕಡ್ಡಿಯಾಕಾರದ ಕೋಶಗಳು ಸುಮಾರು 10 ಕೋಟಿಯಷ್ಟಿವೆ. ಇವುಗಳ ಸೂಕ್ಷ್ಮತೆ ಬೆರಗುಗೊಳಿಸುವಂತಹುದು. ಹತ್ತಾರು ಕೋಶಗಳು ತಲಾ ಒಂದೊಂದು ಫೋಟಾನನ್ನು ಹೀರಿಕೊಂಡರೆ ಸಾಕು, ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಮಿಂಚೊಂದು ಕಾಣುತ್ತದೆಂದು ಹೆಕ್ಟ್, ಶ್ಲೇರ್ ಮತ್ತು ಪಿರೆನ್ ಎಂಬ ವಿಜ್ಞಾನಿಗಳು 1942ರಲ್ಲಿ ತೋರಿಸಿದರು. ಇಷ್ಟು ಸೂಕ್ಷ್ಮವಾದ ಉಪಕರಣವು ಪೂರ್ಣವಾಗಿ ಮೌನವಾಗಿರಲಾರದು. ಕೋಶದಲ್ಲಿರುವ ರೊಡಾಪ್ಸಿನ್ ಎಂಬ ವರ್ಣದ್ರವ್ಯದ ಅಣುವೊಂದು ಬೆಳಕು ತಾಗದಿದ್ದರೂ ದೇಹದ ಉಷ್ಣದಿಂದಲೇ ಆಗೊಮ್ಮೆ ಈಗೊಮ್ಮೆ ರೂಪ ಬದಲಿಸಿ, ಬೆಳಕು ಬಂದಂತೆಯೇ ಸಂಕೇತವನ್ನು ಕಳುಹಿಸುತ್ತದೆ. ಮಂಗಗಳ ಕಣ್ಣಿನಲ್ಲಿ ಮಾಡಿದ ಅಳತೆಗಳ ಪ್ರಕಾರ ಒಂದು ಕೋಶದಲ್ಲಿ ಇದು ಸುಮಾರು 160 ಸೆಕೆಂಡುಗಳಿಗೊಮ್ಮೆ ನಡೆಯುತ್ತದೆ. ನಮ್ಮ ಕಣ್ಣಿನಲ್ಲಿಯೂ ಹೀಗೆಯೇ ಎಂದು ಭಾವಿಸಿ 10 ಕೋಟಿಯನ್ನು 160ರಿಂದ ಭಾಗಿಸಿದರೆ, ಒಂದೊಂದು ಕಣ್ಣಿನಿಂದಲೂ ಪ್ರತಿ ಸೆಕೆಂಡಿಗೆ ಆರು ಲಕ್ಷಕ್ಕಿಂತ ಹೆಚ್ಚು ಹುಸಿ ಸಂಕೇತಗಳು ಏಳುತ್ತಿರುತ್ತವೆಂದಾಯಿತು. ಕತ್ತಲೆಯಲ್ಲಿ ಕಾಣುವ ಮಿನುಗು ಭ್ರಮೆಯೂ ಅಲ್ಲ, ಭೂತಚೇಷ್ಟೆಯೂ ಅಲ್ಲ. ಅದು ಉಷ್ಣದ ಆಟ.

ಕಿವಿಯ ಕಥೆಯೂ ಇದೇ ಬಗೆಯದು. ನಾವು ಕೇಳಬಲ್ಲ ಅತ್ಯಂತ ಮೆಲ್ಲನೆಯ ಸದ್ದಿನಲ್ಲಿ, 1000 ಹರ್ಟ್ಸ್ ಆವರ್ತದಲ್ಲಿ, ಗಾಳಿಯ ಕಣಗಳು ಓಲಾಡುವ ದೂರವು ಹೈಡ್ರೋಜನ್ ಪರಮಾಣುವಿನ ವ್ಯಾಸದ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಹೊರಗಿನ ಸದ್ದೆಲ್ಲ ಅಡಗಿದಾಗ ಇಂತಹ ಕಿವಿಯು ನಮ್ಮ ದೇಹವನ್ನೇ ಕೇಳತೊಡಗುತ್ತದೆ. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬಿಬ್ಬರು, ಕಿವಿ ಸರಿಯಾಗಿ ಕೇಳಿಸುತ್ತಿದ್ದ 80 ಮಂದಿ ವಯಸ್ಕರನ್ನು ಒಬ್ಬೊಬ್ಬರನ್ನಾಗಿ ಶಬ್ದನಿರೋಧಕ ಕೋಣೆಯಲ್ಲಿ ಕೂರಿಸಿ, ಏನು ಕೇಳಿಸಿತೆಂದು ವಿಚಾರಿಸಿದರು. ಅವರಲ್ಲಿ ಶೇಕಡಾ 94 ಮಂದಿ ಗುಂಯ್‌ಗುಡುವಿಕೆ, ಶಿಳ್ಳೆ, ಜೀರುಂಡೆಯ ನಾದ ಮೊದಲಾದ ಒಂದಲ್ಲ ಒಂದು ಸದ್ದನ್ನು ಕೇಳಿದುದಾಗಿ ಹೇಳಿದರು. ಅಮೆರಿಕದ ಸಂಗೀತಕಾರ ಜಾನ್ ಕೇಜ್ 1951ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರತಿಧ್ವನಿರಹಿತ ಕೋಣೆಯನ್ನು ಹೊಕ್ಕಾಗ ಏರುಸ್ವರದ ಒಂದು ಸದ್ದೂ ತಗ್ಗುಸ್ವರದ ಇನ್ನೊಂದು ಸದ್ದೂ ಅವನಿಗೆ ಕೇಳಿಸಿದವಂತೆ. ನಿಶ್ಶಬ್ದವೆಂಬುದೇ ಇಲ್ಲವೆಂಬ ನಿರ್ಣಯದೊಡನೆ ಅವನು ಹೊರಬಂದನು.

ಇಂದ್ರಿಯಗಳು ಬೇಡುವುದು ಬದಲಾವಣೆಯನ್ನು

ಇಂದ್ರಿಯಗಳನ್ನು ಬಡವಾಗಿಸಲು ಕತ್ತಲೆಯೇ ಬೇಕೆಂದಿಲ್ಲ. ಓದುಗರು ಮನೆಯಲ್ಲಿಯೇ ಒಂದು ನಿರಪಾಯವಾದ ಪ್ರಯೋಗವನ್ನು ಮಾಡಿ ನೋಡಬಹುದು. ಬಿಳಿಯ ಹಾಳೆಯ ನಡುವೆ ಶಾಯಿಯಿಂದ ಒಂದು ಚುಕ್ಕೆಯನ್ನು ಇಡಿ. ಅದರಿಂದ ಒಂದು ಗೇಣು ದೂರದಲ್ಲಿ ಪೆನ್ಸಿಲಿನ ಪುಡಿಯನ್ನು ಬೆರಳಿನಿಂದ ಒರಸಿ, ಅಂಚು ಸ್ಪಷ್ಟವಾಗಿ ತೋರದಂತಹ ಮಸುಕಾದ ಕಲೆಯೊಂದನ್ನು ಮಾಡಿ. ಒಂದು ಕಣ್ಣನ್ನು ಮುಚ್ಚಿ, ಇನ್ನೊಂದರಿಂದ ಚುಕ್ಕೆಯನ್ನೇ ಕದಲದೆ ಅರ್ಧ ನಿಮಿಷ ನೋಡಿ. ಪಕ್ಕದ ಕಲೆ ಮೆಲ್ಲಮೆಲ್ಲನೆ ಕರಗಿ ಮಾಯವಾಗುತ್ತದೆ. ದೃಷ್ಟಿಯನ್ನು ಕೊಂಚ ಕದಲಿಸಿದೊಡನೆ ಮತ್ತೆ ಪ್ರತ್ಯಕ್ಷವಾಗುತ್ತದೆ. ಸ್ವಿಟ್ಜರ್ಲೆಂಡಿನ ಟ್ರಾಕ್ಸ್‌ಲರ್ ಎಂಬ ವೈದ್ಯನು ಈ ಸಂಗತಿಯನ್ನು 1804ರಲ್ಲಿಯೇ ವರ್ಣಿಸಿದ್ದನು.

ನಾವು ಎಷ್ಟೇ ನೆಟ್ಟ ನೋಟದಿಂದ ನೋಡಿದರೂ ನಮ್ಮ ಕಣ್ಣುಗುಡ್ಡೆಗಳು ಅತಿ ಸೂಕ್ಷ್ಮವಾಗಿ ನಡುಗುತ್ತಲೇ ಇರುತ್ತವೆ. 1950ರ ದಶಕದ ಆರಂಭದಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕಗಳ ಸಂಶೋಧಕರು ಈ ನಡುಕವನ್ನು ಸರಿದೂಗಿಸಿ, ಬಿಂಬವು ಅಕ್ಷಿಪಟಲದ ಒಂದೇ ಜಾಗದಲ್ಲಿ ನಿಲ್ಲುವಂತೆ ಮಾಡಿದರು. ಕೆಲವೇ ಸೆಕೆಂಡುಗಳಲ್ಲಿ ಬಿಂಬವು ಕಣ್ಣಿಗೆ ಕಾಣದಾಯಿತು! ಬೆಳಕು ಬೀಳುತ್ತಿತ್ತು, ಕಣ್ಣು ತೆರೆದಿತ್ತು, ಆದರೂ ನೋಟವಿಲ್ಲ. ಇದರಿಂದ ನಾವು ತಿಳಿಯಬೇಕಾದುದಿಷ್ಟು: ಇಂದ್ರಿಯಗಳು ಪ್ರಚೋದನೆಯ ಪ್ರಮಾಣಕ್ಕಿಂತ ಅದರ ಬದಲಾವಣೆಯನ್ನು ಹೆಚ್ಚಾಗಿ ಬಯಸುತ್ತವೆ. ಬದಲಾವಣೆಯಿಲ್ಲದ ಬೆಳಕೂ ಕತ್ತಲೆಗೆ ಸಮಾನ. ಏಕರೂಪವಾದ ಮೊರೆತವೂ ಮೌನಕ್ಕೆ ಸಮಾನ.

ಮಾಂಟ್ರಿಯಲ್ ನಗರದ ಪ್ರಯೋಗ

ಈ ತತ್ತ್ವವನ್ನು ಇಡೀ ಮನುಷ್ಯನಿಗೆ ಅನ್ವಯಿಸಿ ನೋಡಿದವರು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಡೊನಾಲ್ಡ್ ಹೆಬ್ ಮತ್ತು ಅವರ ಸಂಗಡಿಗರು. 1951ರಿಂದ 1954ರವರೆಗೆ ನಡೆದ ಈ ಸಂಶೋಧನೆಗೆ ಕೆನಡಾದ ರಕ್ಷಣಾ ಸಂಶೋಧನ ಮಂಡಲಿಯು ಹಣವೊದಗಿಸಿತು. ಕೊರಿಯಾ ಯುದ್ಧದ ಸೆರೆಯಾಳುಗಳ ಮನಸ್ಸನ್ನು ಶತ್ರುಗಳು ತಿರುಚುತ್ತಿದ್ದಾರೆಂಬ ಆತಂಕವು ಆಗ ಪಶ್ಚಿಮ ದೇಶಗಳಲ್ಲಿ ಹಬ್ಬಿತ್ತು. ಸಂಶೋಧನೆಯ ಹಿಂದೆ ಈ ಆತಂಕವೂ ಇತ್ತು.

ಪ್ರಯೋಗಕ್ಕೆ ಒಪ್ಪಿದ ಕಾಲೇಜು ವಿದ್ಯಾರ್ಥಿಗಳಿಗೆ ದಿನಕ್ಕೆ 20 ಡಾಲರುಗಳ ಸಂಭಾವನೆ. ಅವರು ಬೇರೆ ಕೆಲಸದಿಂದ ಸಂಪಾದಿಸಬಹುದಾಗಿದ್ದ ಹಣದ ಎರಡರಷ್ಟಕ್ಕಿಂತಲೂ ಹೆಚ್ಚು. ಮಾಡಬೇಕಾದುದು ಏನೂ ಇಲ್ಲ, ಸಣ್ಣ ಕೋಣೆಯೊಂದರಲ್ಲಿ ಮೆತ್ತನೆಯ ಹಾಸಿಗೆಯ ಮೇಲೆ ಸುಮ್ಮನೆ ಮಲಗಿರಬೇಕು. ಕಣ್ಣಿಗೆ ಬೆಳಕನ್ನು ಬಿಟ್ಟರೂ ಆಕಾರವನ್ನು ತೋರಿಸದ ಮಬ್ಬು ಕನ್ನಡಕ, ಕೈಗೆ ಹತ್ತಿಯ ಗವಸು, ಮೊಣಕೈಯಿಂದ ಬೆರಳ ತುದಿಯನ್ನೂ ಮೀರಿದ ರಟ್ಟಿನ ಕೊಳವೆ, ತಲೆಯ ಸುತ್ತ ರಬ್ಬರಿನ ದಿಂಬು. ಗಾಳಿಯಂತ್ರದ ಏಕಪ್ರಕಾರದ ಮೊರೆತವು ಉಳಿದ ಸದ್ದುಗಳನ್ನೆಲ್ಲ ಮುಳುಗಿಸುತ್ತಿತ್ತು. ಊಟಕ್ಕೂ ಶೌಚಕ್ಕೂ ಮಾತ್ರ ಬಿಡುವು. ಬೇಡವೆನಿಸಿದಾಗ ಎದ್ದುಹೋಗಬಹುದು.

ಕೂತುಣ್ಣುವ ಕೆಲಸವೆಂದರೆ ಇದೇ ಎಂದು ಯಾರಿಗಾದರೂ ಅನ್ನಿಸೀತು. ಆದರೂ ಹೆಚ್ಚಿನವರು ಎರಡು ಮೂರು ದಿನಗಳಿಗಿಂತ ಹೆಚ್ಚು ಕಾಲ ಅಲ್ಲಿರಲಾರದೆ ಹೊರಬಂದರು. ಮೊದಲು ನಿದ್ದೆ; ಆಮೇಲೆ ಚಡಪಡಿಕೆ; ಬಳಿಕ ಯೋಚನೆಯ ಎಳೆಗಳನ್ನು ಹಿಡಿದು ಜೋಡಿಸಲಾರದ ಸ್ಥಿತಿ. ಹಲವರಿಗೆ ಇಲ್ಲದ ದೃಶ್ಯಗಳು ಕಾಣತೊಡಗಿದವು. ಆರಂಭದಲ್ಲಿ ಚುಕ್ಕೆ ಗೆರೆಗಳು, ನಂತರ ಬಣ್ಣದ ವಿನ್ಯಾಸಗಳು, ಕೊನೆಗೆ ಇಡೀ ಸನ್ನಿವೇಶಗಳು. ಹೆಗಲಿಗೆ ಚೀಲಗಳನ್ನು ಹೊತ್ತ ಅಳಿಲುಗಳ ಮೆರವಣಿಗೆಯೊಂದು ಹಿಮದ ಬಯಲಿನಲ್ಲಿ ಸಾಗುತ್ತಿದ್ದುದನ್ನು ಒಬ್ಬ ವಿದ್ಯಾರ್ಥಿಯು ಕಂಡನು.

ಇನ್ನೊಂದು ಫಲಿತಾಂಶವು ಮೇಲ್ನೋಟಕ್ಕೆ ಅಷ್ಟು ಸ್ವಾರಸ್ಯವಾಗಿ ತೋರದಿದ್ದರೂ ಅದಕ್ಕಿಂತ ಮಹತ್ತ್ವದ್ದು. ದೆವ್ವಗಳೂ ಅತೀಂದ್ರಿಯ ಶಕ್ತಿಗಳೂ ನಿಜವೆಂದು ವಾದಿಸುವ ಮುದ್ರಿತ ಭಾಷಣಗಳನ್ನು ಈ ವಿದ್ಯಾರ್ಥಿಗಳಿಗೂ, ಸಾಧಾರಣ ಸ್ಥಿತಿಯಲ್ಲಿದ್ದ ಬೇರೆ ವಿದ್ಯಾರ್ಥಿಗಳಿಗೂ ಕೇಳಿಸಲಾಯಿತು. ಕೋಣೆಯಲ್ಲಿ ಮಲಗಿದ್ದವರ ಅಭಿಪ್ರಾಯವೇ ಹೆಚ್ಚಾಗಿ ಬದಲಾಯಿತು. ಇಂದ್ರಿಯಗಳ ಆಸರೆ ತಪ್ಪಿದ ಮನಸ್ಸು ಬೇರೆಯವರ ಮಾತಿಗೆ ಸುಲಭವಾಗಿ ಒಲಿಯುತ್ತದೆ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟಿರಬೇಕೆಂದು ಕೋರುತ್ತೇವೆ.

ಮುಸುಕಿನಿಂದ ತೊಟ್ಟಿಗೆ

1954ರಲ್ಲಿ ಅಮೆರಿಕದ ಬೆಥೆಸ್ಡಾ ನಗರದಲ್ಲಿ ಜಾನ್ ಲಿಲ್ಲಿ ಎಂಬ ವೈದ್ಯ ವಿಜ್ಞಾನಿಯು ಇನ್ನೊಂದು ಮಾರ್ಗವನ್ನು ಹಿಡಿದನು. ಚರ್ಮಕ್ಕೆ ಬಿಸಿಯೂ ಅಲ್ಲ ತಂಪೂ ಅಲ್ಲವೆನಿಸುವ, ಸುಮಾರು 34.5 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರಿನ ತೊಟ್ಟಿಯಲ್ಲಿ ಅವನು ಮುಳುಗಿ ತೇಲುತ್ತಿದ್ದನು. ತಲೆಗೆ ಬೆಳಕು ತೂರದ ಮುಸುಕು. ಅದಕ್ಕೆ ಉಸಿರಾಟದ ಕೊಳವೆ. ದೇಹದ ಭಾರವೂ ತಿಳಿಯದ ಆ ಸ್ಥಿತಿಯಲ್ಲಿ ಲಿಲ್ಲಿಗೆ ದೊರೆತುದು ಮಾಂಟ್ರಿಯಲ್‌ನಲ್ಲಿ ಕಂಡುಬಂದ ಚಡಪಡಿಕೆಯಲ್ಲ, ಗಾಢವಾದ ವಿಶ್ರಾಂತಿ.

1970ರ ದಶಕದಲ್ಲಿ ಆಳವಿಲ್ಲದ ತೊಟ್ಟಿಯಲ್ಲಿ ಮೆಗ್ನೀಸಿಯಮ್ ಸಲ್ಫೇಟನ್ನು ಯಥೇಚ್ಛವಾಗಿ ಕರಗಿಸುವ ಪದ್ಧತಿ ಬಳಕೆಗೆ ಬಂದಿತು. ಇಂತಹ ದ್ರಾವಣದ ಸಾಂದ್ರತೆಯು ಘನ ಸೆಂಟಿಮೀಟರಿಗೆ ಸುಮಾರು 1.25 ಗ್ರಾಮ್, ಶ್ವಾಸಕೋಶದಲ್ಲಿ ಗಾಳಿ ತುಂಬಿದ ಮಾನವದೇಹದ ಸಾಂದ್ರತೆ ಸುಮಾರು 0.98. ಆರ್ಕಿಮಿಡೀಸನ ನಿಯಮದಂತೆ ದೇಹದ ಶೇಕಡಾ 78ರಷ್ಟು ಭಾಗ ಮಾತ್ರ ಮುಳುಗಿದರೆ ಸಾಕು, ಭಾರವು ಸರಿದೂಗುತ್ತದೆ. ಅಂಗಾತ ಮಲಗಿದವನ ಮುಖವು ಪ್ರಯತ್ನವಿಲ್ಲದೆಯೇ ನೀರಿನ ಮೇಲಿರುತ್ತದೆ. ಹೀಗೆ ಮುಸುಕೂ ಬೇಡವಾಯಿತು, ಕೊಳವೆಯೂ ಬೇಡವಾಯಿತು. ಕತ್ತಲೆಯನ್ನು ಮುಖಕ್ಕೆ ಕಟ್ಟುವುದಕ್ಕಿಂತ ಕೋಣೆಗೆ ಕಟ್ಟುವುದು ಲೇಸೆಂಬ ಈ ಪಾಠವು ಸಾಧನಗಳನ್ನು ಆರಿಸುವವರಿಗೆಲ್ಲ ಅನ್ವಯಿಸುತ್ತದೆ. ಕೆನಡಾದ ಪೀಟರ್ ಸೂಡ್‌ಫೆಲ್ಡ್ ಮೊದಲಾದ ಮನೋವಿಜ್ಞಾನಿಗಳು ಮುಂದೆ ಇಂತಹ ತೊಟ್ಟಿಗಳನ್ನೂ ಕತ್ತಲೆಕೋಣೆಗಳನ್ನೂ ಚಿಕಿತ್ಸೆಯ ದೃಷ್ಟಿಯಿಂದ ಪರೀಕ್ಷಿಸಿ, ಸರಿಯಾದ ಏರ್ಪಾಡಿದ್ದಲ್ಲಿ ಹೆಚ್ಚಿನವರಿಗೆ ಇದು ಭಯಂಕರವಲ್ಲವೆಂದೂ ಹಿತಕರವೆಂದೂ ತೋರಿಸಿದರು.

ಗುಂಡಿಯೊಂದು ಮಾಡಿದ ಕೆಲಸ

ಹಾಗಾದರೆ ಮೊದಲಿನ ಪ್ರಯೋಗಗಳಲ್ಲಿ ಕಂಡ ಭಯಕ್ಕೂ ಚಡಪಡಿಕೆಗೂ ಕಾರಣವೇನು? 1964ರಲ್ಲಿ ಮಾರ್ಟಿನ್ ಆರ್ನ್ ಮತ್ತು ಕಾರ್ಲ್ ಶೈಬ್ ಎಂಬ ಅಮೆರಿಕದ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದು ಇದರ ಮೇಲೆ ಬೆಳಕು ಚೆಲ್ಲಿತು. 20 ಮಂದಿಯನ್ನು ಎರಡು ಗುಂಪುಗಳಾಗಿ ಮಾಡಿ, ಎಲ್ಲರನ್ನೂ ಒಬ್ಬೊಬ್ಬರಂತೆ ಒಂದೇ ಬಗೆಯ ಕೋಣೆಯಲ್ಲಿ ನಾಲ್ಕು ಗಂಟೆಗಳ ಕಾಲ ಇರಿಸಲಾಯಿತು. ಅಲ್ಲಿ ದೀಪವಿತ್ತು, ಕುರ್ಚಿ ಮೇಜುಗಳಿದ್ದವು, ನೀರೂ ತಿಂಡಿಯೂ ಇದ್ದವು. ಸಂವೇದನ ನಿರೋಧವೆಂಬುದು ಅಲ್ಲಿ ಇರಲೇ ಇಲ್ಲ. ಆದರೆ ಮೊದಲ ಗುಂಪಿನವರನ್ನು ಬಿಳಿ ಕೋಟು ತೊಟ್ಟವರು ಎದುರುಗೊಂಡರು. ಕಾಯಿಲೆಗಳ ಚರಿತ್ರೆಯನ್ನು ವಿಚಾರಿಸಿದರು. ತುರ್ತು ಔಷಧಗಳ ತಟ್ಟೆಯನ್ನು ಕಾಣುವಂತೆ ಇರಿಸಿದರು. ಹೊಣೆಮುಕ್ತಿಯ ಪತ್ರಕ್ಕೆ ರುಜು ಹಾಕಿಸಿಕೊಂಡರು. ತಡೆಯಲಾರದಾದರೆ ಒತ್ತಬೇಕಾದ ಗುಂಡಿಯನ್ನು ತೋರಿಸಿದರು. ಎರಡನೆಯ ಗುಂಪಿನವರಿಗೆ ಇದೊಂದೂ ಇರಲಿಲ್ಲ. ಕಳವಳ, ಗೊಂದಲ, ವಿಚಿತ್ರ ಅನುಭವಗಳು ಮೊದಲ ಗುಂಪಿನವರಲ್ಲಿಯೇ ಹೆಚ್ಚಾಗಿ ಕಂಡುಬಂದವು.

ನಿರೀಕ್ಷೆಯೇ ಅನುಭವದ ಅರ್ಧಭಾಗವನ್ನು ಕಟ್ಟುತ್ತದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇದರ ಅರ್ಥ ಎಚ್ಚರಿಕೆಯ ಗುಂಡಿ ಬೇಡವೆಂದಲ್ಲ. ಏನಾಗುವುದೆಂಬುದನ್ನು ಹೆದರಿಸದೆಯೂ ಮುಚ್ಚಿಡದೆಯೂ ಸರಳವಾಗಿ ತಿಳಿಸಿ, ನಿಲ್ಲಿಸುವ ಉಪಾಯವನ್ನು ಅವರವರ ಕೈಯಲ್ಲಿಯೇ ಕೊಡಬೇಕೆಂದು ಅರ್ಥ.

ಅದೇ ಮುಸುಕು, ಬೇರೆಯವರ ಕೈ

ನಿಲ್ಲಿಸುವ ಅಧಿಕಾರವನ್ನು ಕಸಿದುಕೊಂಡರೆ ಏನಾಗುವುದೆಂಬುದಕ್ಕೆ ಇತಿಹಾಸದಲ್ಲಿ ದಾಖಲೆಯಿದೆ. 1971ರಲ್ಲಿ ಉತ್ತರ ಐರ್ಲೆಂಡಿನಲ್ಲಿ ವಿಚಾರಣೆಯಿಲ್ಲದೆ ಬಂಧಿಸಲ್ಪಟ್ಟವರಲ್ಲಿ 14 ಮಂದಿಯ ಮೇಲೆ ಬ್ರಿಟಿಷ್ ಅಧಿಕಾರಿಗಳು ಐದು ಕ್ರಮಗಳನ್ನು ಒಟ್ಟಿಗೆ ಪ್ರಯೋಗಿಸಿದರು: ತಲೆಗೆ ಮುಸುಕು ಹಾಕುವುದು, ನಿರಂತರವಾಗಿ ಮೊರೆಯುವ ಸದ್ದನ್ನು ಕೇಳಿಸುವುದು, ಗೋಡೆಗೆ ಕೈಯೂರಿ ಗಂಟೆಗಟ್ಟಲೆ ನಿಲ್ಲಿಸುವುದು, ನಿದ್ದೆಗೆಡಿಸುವುದು, ಅನ್ನ ನೀರುಗಳನ್ನು ಕಡಿಮೆ ಮಾಡುವುದು. ಇವುಗಳಲ್ಲಿ ಮೊದಲಿನ ಎರಡು ಮಾಂಟ್ರಿಯಲ್‌ನ ಕೋಣೆಯನ್ನು ನೆನಪಿಗೆ ತರುತ್ತವೆ. ಅಲ್ಲಿನ ವಿದ್ಯಾರ್ಥಿಗಳು ಬೇಸತ್ತಾಗ ಎದ್ದುಹೋದರು. ಇಲ್ಲಿನವರಿಗೆ ಎದ್ದುಹೋಗುವ ದಾರಿಯಿರಲಿಲ್ಲ. ಇದು ಎಂದಿಗೆ ಮುಗಿಯುವುದೆಂಬುದೂ ತಿಳಿದಿರಲಿಲ್ಲ.

1972ರ ಮಾರ್ಚಿಯಲ್ಲಿ ಬ್ರಿಟನ್ನಿನ ಪ್ರಧಾನಮಂತ್ರಿ ಎಡ್ವರ್ಡ್ ಹೀತ್ ಈ ಐದು ಕ್ರಮಗಳನ್ನು ಮುಂದೆ ಬಳಸುವುದಿಲ್ಲವೆಂದು ಪಾರ್ಲಿಮೆಂಟಿನಲ್ಲಿ ಘೋಷಿಸಿದರು. ಯುರೋಪಿನ ಮಾನವ ಹಕ್ಕುಗಳ ಆಯೋಗವು 1976ರಲ್ಲಿ ಇದನ್ನು ಚಿತ್ರಹಿಂಸೆಯೆಂದು ಕರೆಯಿತು. 1978ರಲ್ಲಿ ಮಾನವ ಹಕ್ಕುಗಳ ನ್ಯಾಯಾಲಯವು ಚಿತ್ರಹಿಂಸೆಯೆಂಬ ಪದವನ್ನು ಒಪ್ಪದಿದ್ದರೂ, ಇದು ಅಮಾನವೀಯವೂ ಅವಮಾನಕರವೂ ಆದ ವರ್ತನೆಯೆಂದು ತೀರ್ಪಿತ್ತಿತು.

ಇದು ದೂರದೇಶದ ಮಾತೆಂದು ನಾವು ಸುಮ್ಮನಿರಲಾಗದು. ವಿದ್ಯಾರ್ಥಿನಿಲಯಗಳಲ್ಲಿ ಹೊಸಬರ ತಲೆಗೆ ಕಂಬಳಿ ಮುಚ್ಚಿ ಹೆದರಿಸುವುದನ್ನು ‘ತಮಾಷೆ’ಯೆಂದು ಹೇಳಿಕೊಳ್ಳುವವರುಂಟು. ಮುಚ್ಚಿದವರಿಗೆ ತಮಾಷೆ, ಮುಚ್ಚಿಸಿಕೊಂಡವನಿಗೆ ಅದು ಯಾವಾಗ ಮುಗಿಯುವುದೋ ತಿಳಿಯದು. ವಿಶ್ವವಿದ್ಯಾಲಯ ಅನುದಾನ ಆಯೋಗವು 2009ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ರ‍್ಯಾಗಿಂಗ್ ಶಿಕ್ಷಾರ್ಹ. ನಿಯಮವಿರಲಿ ಇಲ್ಲದಿರಲಿ, ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಮುಖವನ್ನು ಮುಚ್ಚುವುದು ಆಟವಲ್ಲ, ಹಲ್ಲೆ.

ಮುಸುಕಿನೊಳಗಿನ ಗಾಳಿ

ಇದುವರೆಗೆ ಹೇಳಿದುದು ಮನಸ್ಸಿನ ಮಾತು. ಮುಸುಕಿನ ವಿಷಯದಲ್ಲಿ ಅದಕ್ಕಿಂತ ತುರ್ತಾದುದು ಗಾಳಿಯ ಮಾತು. ವಿಶ್ರಾಂತಿಯಲ್ಲಿರುವ ವಯಸ್ಕರು ಒಂದು ಉಸಿರಿನಲ್ಲಿ ಸುಮಾರು 500 ಮಿಲಿಲೀಟರು ಗಾಳಿಯನ್ನು ಎಳೆದುಕೊಳ್ಳುತ್ತಾರೆ. ಅದರಲ್ಲಿ ಸುಮಾರು 150 ಮಿಲಿಲೀಟರು ಮೂಗು, ಗಂಟಲು, ಶ್ವಾಸನಾಳಗಳಲ್ಲಿಯೇ ಉಳಿದು ವ್ಯರ್ಥವಾಗುತ್ತದೆ. ಉಳಿದ 350 ಮಿಲಿಲೀಟರು ಮಾತ್ರ ರಕ್ತಕ್ಕೆ ಉಪಯೋಗವಾಗುತ್ತದೆ. ಗಾಳಿ ಸುಲಭವಾಗಿ ಆಡದ ಮುಸುಕೊಂದು ಮುಖದ ಮುಂದೆ 200 ಮಿಲಿಲೀಟರಿನಷ್ಟು ಜಾಗವನ್ನು ಬಿಟ್ಟಿದೆಯೆಂದು ಭಾವಿಸೋಣ. ನಾವು ಬಿಟ್ಟ ಉಸಿರು ಆ ಜಾಗದಲ್ಲಿ ನಿಂತು, ಮುಂದಿನ ಉಸಿರಿನಲ್ಲಿ ಮೊದಲು ಒಳಹೋಗುವುದೂ ಅದೇ ಆಗುತ್ತದೆ. ಆಗ ಉಪಯೋಗಕ್ಕೆ ಬರುವ ಹೊಸ ಗಾಳಿಯು 350ರಿಂದ 150 ಮಿಲಿಲೀಟರಿಗೆ ಇಳಿಯುತ್ತದೆ. ಅರ್ಧಕ್ಕಿಂತಲೂ ಕಡಿಮೆ!

ನಾವು ಬಿಡುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡು ಶೇಕಡಾ 4ರಿಂದ 5ರಷ್ಟಿರುತ್ತದೆ. ಹೊರಗಿನ ಗಾಳಿಯಲ್ಲಿರುವುದು ಶೇಕಡಾ 0.04ರಷ್ಟು ಮಾತ್ರ. ಉಸಿರಾಟದ ವೇಗವನ್ನು ಸಾಮಾನ್ಯವಾಗಿ ನಿಯಂತ್ರಿಸುವುದು ಆಮ್ಲಜನಕದ ಕೊರತೆಯಲ್ಲ, ಈ ಅನಿಲದ ಹೆಚ್ಚಳವೆಂಬುದನ್ನು ಹಾಲ್ಡೇನ್ ಮತ್ತು ಪ್ರೀಸ್ಟ್ಲಿ 1905ರಲ್ಲಿ ತೋರಿಸಿದರು. ಆದುದರಿಂದ ಮುಸುಕಿನೊಳಗೆ ತಲೆನೋವು, ಏದುಸಿರು, ಎದೆ ಹೊಡೆದುಕೊಳ್ಳುವಿಕೆ, ಕಾರಣವಿಲ್ಲದ ದಿಗಿಲು ಕಂಡರೆ ಅದನ್ನು ಮನಸ್ಸಿನ ದೌರ್ಬಲ್ಯವೆಂದು ತಳ್ಳಿಹಾಕಬಾರದು. ಅದು ರಕ್ತವು ಕೊಡುತ್ತಿರುವ ಎಚ್ಚರಿಕೆ. ಮದ್ಯವನ್ನೋ ನಿದ್ದೆಮಾತ್ರೆಯನ್ನೋ ಸೇವಿಸಿದವರಲ್ಲಿ ಈ ಎಚ್ಚರಿಕೆಯೇ ಮಂದವಾಗುವುದರಿಂದ ಅಪಾಯವು ಹಲವು ಪಟ್ಟು ಹೆಚ್ಚು.

ಬಟ್ಟೆಯ ಮುಸುಕಾದರೆ ಭಯವಿಲ್ಲವೆಂದು ತಿಳಿಯುವುದೂ ತಪ್ಪು. ಒಣಗಿದ ಬಟ್ಟೆಯ ರಂಧ್ರಗಳಲ್ಲಿ ಗಾಳಿ ಸುಲಭವಾಗಿ ಹಾಯುತ್ತದೆ. ಬೆವರಿನಿಂದಲೋ ಉಸಿರಿನ ತೇವದಿಂದಲೋ ಅದು ಒದ್ದೆಯಾದರೆ, ರಂಧ್ರಗಳಿಗೆ ನೀರಿನ ಪೊರೆ ಕಟ್ಟಿಕೊಳ್ಳುತ್ತದೆ. ಮೇಲ್ಮೈ ಎಳೆತದ ಲೆಕ್ಕದಂತೆ 0.1 ಮಿಲಿಮೀಟರು ವ್ಯಾಸದ ರಂಧ್ರದಲ್ಲಿನ ನೀರನ್ನು ಗಾಳಿಯಿಂದ ತಳ್ಳಿ ತೆರೆಯಲು ಸುಮಾರು 2900 ಪಾಸ್ಕಲ್, ಅಂದರೆ 29 ಸೆಂಟಿಮೀಟರು ಎತ್ತರದ ನೀರಿನಷ್ಟು ಒತ್ತಡ ಬೇಕು. ನಿರಾಯಾಸವಾದ ಉಸಿರಾಟದಲ್ಲಿ ಶ್ವಾಸಕೋಶದೊಳಗಿನ ಒತ್ತಡದ ಏರಿಳಿತವು ಕೇವಲ 1 ಸೆಂಟಿಮೀಟರು ನೀರಿನಷ್ಟು. ಒದ್ದೆ ಬಟ್ಟೆಯು ಮುಖಕ್ಕೆ ಅಂಟಿದಾಗ ಉಸಿರು ಕಟ್ಟುವುದೇಕೆಂಬುದು ಈ ಎರಡು ಅಂಕಿಗಳಿಂದಲೇ ತಿಳಿಯುತ್ತದೆ. ಇನ್ನು ಪ್ಲಾಸ್ಟಿಕ್ಕಿನ ವಿಷಯದಲ್ಲಿ ಲೆಕ್ಕವೇ ಬೇಡ. ಅದು ಮೂಗು ಬಾಯಿಗಳ ಬಳಿಗೆ ಎಂದಿಗೂ ಬರಕೂಡದು.

ಕೊಳವೆಯ ಮೂಲಕ ಉಸಿರಾಡುವ ಏರ್ಪಾಡು ಕೂಡ ನಂಬಿಕೆಗೆ ಅರ್ಹವಲ್ಲ. ಸಮರೇಖೆಯಲ್ಲಿ ಹರಿಯುವ ಗಾಳಿಯ ಪ್ರಮಾಣವು ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ತ್ರಿಜ್ಯವು ಅರ್ಧವಾದರೆ, ಅದೇ ಒತ್ತಡದಲ್ಲಿ ಹರಿವು ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಕೊಳವೆ ಉದ್ದವಾದಷ್ಟೂ ಹಳೆಯ ಉಸಿರು ನಿಲ್ಲುವ ಜಾಗವೂ ಹೆಚ್ಚುತ್ತದೆ.

ಆಯ್ಕೆ ಮತ್ತು ಬಳಕೆ

ಈ ತತ್ತ್ವಗಳಿಂದ ಕೆಲವು ನಿಯಮಗಳು ತಾವಾಗಿಯೇ ಹೊರಡುತ್ತವೆ. ವಯಸ್ಕರು ತಮ್ಮ ಇಚ್ಛೆಯಿಂದ ಇಂತಹ ಸಾಧನಗಳನ್ನು ಬಳಸುವುದಾದರೆ ಇವುಗಳನ್ನು ಮೀರಬಾರದು. ವಿದ್ಯಾರ್ಥಿಗಳಾದ ಓದುಗರು ಕಣ್ಪಟ್ಟಿ ಮತ್ತು ಕತ್ತಲೆಕೋಣೆಗಳಲ್ಲಿಯೇ ತೃಪ್ತರಾಗಬೇಕು. ತಲೆಯನ್ನೆಲ್ಲ ಮುಚ್ಚುವ ಮುಸುಕಿನ ಗೊಡವೆ ಅವರಿಗೆ ಬೇಡ.

ಒಂದನೆಯದಾಗಿ, ಮೂಗೂ ಬಾಯಿಯೂ ಪೂರ್ತಿ ತೆರೆದಿರಬೇಕು. ಕಣ್ಣು ಕಿವಿಗಳನ್ನು ಮಾತ್ರ ಮುಚ್ಚುವ ಸಾಧನವೇ ಉತ್ತಮ. ಮೆತ್ತನೆಯ ಅಂಚಿನ ಕಣ್ಪಟ್ಟಿಯು ಬೆಳಕನ್ನು ತಡೆಯಬಲ್ಲದು. ಇಯರ್‌ಪ್ಲಗ್ ಸದ್ದನ್ನು 20ರಿಂದ 30 ಡೆಸಿಬೆಲ್ ತಗ್ಗಿಸುತ್ತದೆ. 30 ಡೆಸಿಬೆಲ್ ಎಂದರೆ ಶಬ್ದಶಕ್ತಿಯು ಸಾವಿರದ ಒಂದು ಭಾಗಕ್ಕೆ ಇಳಿದಂತೆ. ತಲೆಬುರುಡೆಯ ಮೂಲಕವೂ ಸದ್ದು ಒಳಕಿವಿಗೆ ತಲುಪುವುದರಿಂದ, ಎಷ್ಟೇ ಬಿಗಿಯಾದ ಮುಸುಕೂ ಪೂರ್ಣ ನಿಶ್ಶಬ್ದವನ್ನು ತರಲಾರದು. ಬಿಗಿತ ಹೆಚ್ಚಿದಷ್ಟೂ ಲಾಭ ಹೆಚ್ಚುವುದಿಲ್ಲ, ಅಪಾಯ ಹೆಚ್ಚುತ್ತದೆ.

ಎರಡನೆಯದಾಗಿ, ಕತ್ತಿನ ಮೇಲೆ ಯಾವ ಒತ್ತಡವೂ ಬೀಳಬಾರದು. ಮೆದುಳಿಗೆ ರಕ್ತವನ್ನು ಒಯ್ಯುವ ಧಮನಿಗಳು ಅಲ್ಲಿ ಚರ್ಮದ ಸಮೀಪದಲ್ಲಿಯೇ ಹಾದುಹೋಗುತ್ತವೆ.

ಮೂರನೆಯದಾಗಿ, ಧರಿಸಿದವರು ತಮ್ಮ ಒಂದೇ ಕೈಯಿಂದ ಕ್ಷಣಮಾತ್ರದಲ್ಲಿ ತೆಗೆದುಹಾಕುವಂತಿರಬೇಕು. ಗಂಟು, ಬೀಗ, ಬೆನ್ನಹಿಂದಿನ ದಾರಗಳು ಸಲ್ಲವು.

ನಾಲ್ಕನೆಯದಾಗಿ, ಎಚ್ಚರವಾಗಿರುವ ಸಂಗಾತಿಯೊಬ್ಬರು ಕೊನೆಯವರೆಗೂ ಹತ್ತಿರದಲ್ಲಿಯೇ ಇರಬೇಕು. ಗಡಿಯಾರವೂ ಅವರ ಬಳಿಯೇ ಇರಬೇಕು. ಪ್ರಚೋದನೆಯಿಲ್ಲದ ಮನಸ್ಸಿಗೆ ಕಾಲದ ಅಳತೆ ತಪ್ಪುತ್ತದೆ. 1962ರಲ್ಲಿ ಫ್ರಾನ್ಸಿನ ಭೂವಿಜ್ಞಾನಿ ಮಿಷೆಲ್ ಸಿಫ್ರ್ ಗಡಿಯಾರವಿಲ್ಲದೆ ಗುಹೆಯೊಂದರಲ್ಲಿ ಸುಮಾರು ಎರಡು ತಿಂಗಳು ಕಳೆದು ಹೊರಬಂದಾಗ, ಅವನ ಲೆಕ್ಕವು ನಿಜವಾದ ದಿನಾಂಕಕ್ಕಿಂತ 25 ದಿನ ಹಿಂದಿತ್ತು. ಮೊದಲ ಸಲಕ್ಕೆ ಹತ್ತು ನಿಮಿಷ ಧಾರಾಳವಾಯಿತು.

ಐದನೆಯದಾಗಿ, ಸಂಕೇತವೊಂದನ್ನು ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು. ರೈಲಿನ ಬ್ರೇಕಿನಲ್ಲಿ ಗಾಳಿಯ ಒತ್ತಡವು ಬ್ರೇಕನ್ನು ಸಡಿಲವಾಗಿ ಹಿಡಿದಿರುತ್ತದೆ; ಕೊಳವೆ ಒಡೆದರೆ ಬ್ರೇಕು ತಾನಾಗಿಯೇ ಬೀಳುತ್ತದೆ. ನಮ್ಮ ಸಂಕೇತವೂ ಹಾಗೆಯೇ ಇರಲಿ. ಗೆಜ್ಜೆಯೊಂದನ್ನು ಕೈಯಲ್ಲಿ ಹಿಡಿದಿರುವುದು ‘ಮುಂದುವರಿಯಲಿ’ ಎಂಬುದರ ಗುರುತು. ಅದು ಕೈಬಿಟ್ಟು ಬಿದ್ದರೆ ಎಲ್ಲವೂ ಕೂಡಲೇ ನಿಲ್ಲಬೇಕು. ಪ್ರಜ್ಞೆ ತಪ್ಪಿದವರು ಕೂಗಲಾರರು, ಆದರೆ ಅವರ ಕೈ ತಾನಾಗಿಯೇ ಸಡಿಲವಾಗುತ್ತದೆ.

ಆರನೆಯದಾಗಿ, ಉಬ್ಬಸ, ಮೂರ್ಛೆರೋಗ, ಹೃದ್ರೋಗ, ಇಕ್ಕಟ್ಟಾದ ಜಾಗದ ಭಯ, ತೀವ್ರವಾದ ಮಾನಸಿಕ ತೊಂದರೆ ಉಳ್ಳವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ನೆಗಡಿಯಿಂದ ಮೂಗು ಕಟ್ಟಿದ ದಿನವೂ ಬೇಡ. ಮುಗಿದ ಮೇಲೆ ಬೆಳಕನ್ನೂ ಸದ್ದನ್ನೂ ನಿಧಾನವಾಗಿ ಬರಗೊಡಬೇಕು. ಕೂಡಲೇ ಎದ್ದು ನಡೆಯುವುದಾಗಲಿ ವಾಹನ ನಡೆಸುವುದಾಗಲಿ ಒಳ್ಳೆಯದಲ್ಲ.

ಕೊನೆಯದಾಗಿ ಒಪ್ಪಿಗೆಯ ಮಾತು. ಆರಂಭದಲ್ಲಿ ‘ಆಗಲಿ’ ಎಂದವರಿಗೆ ನಡುವೆ ‘ಸಾಕು’ ಎನ್ನುವ ಹಕ್ಕು ಸದಾ ಇರುತ್ತದೆ. ಮುಸುಕಿನೊಳಗಿನ ಮನಸ್ಸು ಬೇರೆಯವರ ಮಾತಿಗೆ ಬೇಗನೆ ಒಲಿಯುತ್ತದೆಂಬುದನ್ನು ಮಾಂಟ್ರಿಯಲ್‌ನ ಪ್ರಯೋಗದಲ್ಲಿ ಕಂಡೆವಷ್ಟೆ. ಆದುದರಿಂದ ಆ ಸ್ಥಿತಿಯಲ್ಲಿ ಹೊಸದೊಂದಕ್ಕೆ ಒಪ್ಪಿಗೆಯನ್ನು ಕೇಳುವುದಾಗಲಿ, ‘ಇನ್ನು ಸ್ವಲ್ಪ ಹೊತ್ತು’ ಎಂದು ಒತ್ತಾಯಿಸುವುದಾಗಲಿ ನ್ಯಾಯವಲ್ಲ. ಮೌನವನ್ನು ಸಮ್ಮತಿಯೆಂದು ಎಣಿಸುವ ವಾಡಿಕೆಗೆ ಇಲ್ಲಿ ಎಡೆಯಿಲ್ಲ.

ಇಂದ್ರಿಯಗಳ ಮೂಲಕ ಬರುವ ಬದಲಾವಣೆಗಳೇ ನಮ್ಮ ಮೆದುಳಿಗೆ ನಿತ್ಯದ ಆಹಾರ. ಅದನ್ನು ಕೊಂಚ ಹೊತ್ತು ತಡೆದರೆ ಉಪವಾಸದಂತೆ ಹಿತವಾದೀತು. ಆದರೆ ಉಪವಾಸಕ್ಕೂ ಹಸಿವಿಗೆ ಕೆಡಹುವುದಕ್ಕೂ ಇರುವ ಭೇದವನ್ನು ಎಲ್ಲರೂ ಬಲ್ಲರು. ಎರಡರಲ್ಲಿಯೂ ಹೊಟ್ಟೆ ಬರಿದೇ. ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದೇ ವ್ಯತ್ಯಾಸ.